ಅಕೇಶಿಯಾ ಕಟಾವು ಆದ ಇಳಿಜಾರು: ಮಣ್ಣು ಕೆಡುತ್ತಿದೆಯಾ, ಸುಧಾರಿಸುತ್ತಿದೆಯಾ ಅಂತ ತಿಳಿಯುವುದು ಹೇಗೆ?

ಬೆಟ್ಟದಬುಡ (ಹೊಸನಗರ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟದ ಮೇಲ್ಭಾಗದಲ್ಲಿ ನಾಲ್ಕು ಎಕರೆಯಷ್ಟು ಇಳಿಜಾರು ಖುಷ್ಕಿ ಜಾಗ ಇದೆ. ಅಪ್ಪ ಅಲ್ಲಿ ಅಕೇಶಿಯಾ ಹಾಕಿದ್ದರು. ಈ ಬೇಸಿಗೆಯಲ್ಲಿ ಕಟಾವು ಮಾಡಿಸಿದೆವು. ಒಂದು ಮೂಲೆಯಲ್ಲಿ ಅರ್ಧ ಎಕರೆ ಕಡಿಯದೆ ಹಾಗೇ ಉಳಿದಿದೆ, ಅದರ ಆಚೆಗೆ ಹಳೇ ಕಾನು (ದಟ್ಟ ಕಾಡು).

ನಾಟಾ ಇಳಿಸುವುದಕ್ಕೆ ಕಂಟ್ರಾಕ್ಟರ್ ಕಡೆಯವರು ಜೆಸಿಬಿಯಲ್ಲಿ ದಾರಿ ಮಾಡಿದರು. ಅಡ್ಡಡ್ಡ ಮಾಡಿ ಅಂದಿದ್ದೆ, ಮಾಡಿದ್ದು ನೆಟ್ಟಗೆ ಇಳಿಜಾರಿನಲ್ಲೇ. ಮಧ್ಯೆ ಒಂದು ದೊಡ್ಡ ಮಳೆ ಬಂತು, ಮಣ್ಣು ಹಸಿ ಇದ್ದಾಗಲೇ ಟ್ರ್ಯಾಕ್ಟರ್ ಓಡಾಡಿತು. ಈಗ ಆ ದಾರಿಯಲ್ಲಿ ಹಾರೆ ಹಾಕಿದರೆ ಇಳಿಯುವುದಿಲ್ಲ.

ಮಣ್ಣು ಪರೀಕ್ಷೆ ಮಾಡಿಸಿದ್ದೇನೆ. ಪಿಎಚ್ 5.2 (ಅಂದರೆ ಹುಳಿ ಮಣ್ಣು), ಸಾವಯವ ಇಂಗಾಲ 1.6 ಶೇಕಡ, ರಂಜಕ ಕಡಿಮೆ, ಪೊಟ್ಯಾಷ್ ಮಧ್ಯಮ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ಇಂಗಾಲದ ಮುಂದೆ "ಹೆಚ್ಚು" ಅಂತ ಬಂದಿದೆ. ಅಂದರೆ ಮಣ್ಣು ಚೆನ್ನಾಗಿದೆ ಅಂತಾನಾ? ನನಗೆ ಹಾಗನ್ನಿಸುತ್ತಿಲ್ಲ.

ಇನ್ನು ಮೇಲೆ ಅಲ್ಲಿ ಅಕೇಶಿಯಾ ಬೇಡ. ಹೊನ್ನೆ, ನಂದಿ, ಮತ್ತಿ, ಹೆಬ್ಬಲಸು, ಮಧ್ಯೆ ಉಪ್ಪಾಗೆ, ವಾಟೆ ಎಲ್ಲ ಸೇರಿಸಿ ಹಾಕಬೇಕು, ಮುಂದೆ ಬೇಕಾದ ಮರವನ್ನು ಮಾತ್ರ ಆರಿಸಿ ಕಡಿಯಬೇಕು, ಒಂದೇ ಸಲ ಬೋಳು ಮಾಡಬಾರದು ಅನ್ನುವುದು ಮನೆಯಲ್ಲಿ ಎಲ್ಲರ ತೀರ್ಮಾನ. ಆದರೆ ಮಣ್ಣು ಈಗ ಎಲ್ಲಿದೆ, ಐದು ಹತ್ತು ವರ್ಷದಲ್ಲಿ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಬರೆದಿಡಬೇಕು ಅಂತ ಆಸೆ. ಏನನ್ನು ಅಳೆಯಬೇಕು, ಎಷ್ಟು ಸಲ ಅಳೆಯಬೇಕು, ಲ್ಯಾಬಿಗೆ ಹೋಗದೆ ಎಷ್ಟು ಮಾಡಬಹುದು? ಮಳೆಗಾಲ ಹಿಡಿಯುವ ಮೊದಲು ಏನಾದರೂ ಮಾಡಲೇಬೇಕಾದ್ದು ಇದ್ದರೆ ಅದನ್ನೂ ಹೇಳಿ.


ಮಣ್ಣುಗೆಳೆಯ (ಶಿವಮೊಗ್ಗ)

ಒಳ್ಳೆ ಪ್ರಶ್ನೆ. ಕಟಾವು ಆದ ಮೇಲೆ ಗಿಡ ಯಾವುದು ಹಾಕಲಿ ಅಂತ ಕೇಳುವವರೇ ಜಾಸ್ತಿ, ಮಣ್ಣಿನ ಬಗ್ಗೆ ಕೇಳುವವರು ಕಡಿಮೆ.

ಮೊದಲು ಕಾರ್ಡಿನ ವಿಷಯ. ಮಣ್ಣು ಆರೋಗ್ಯ ಕಾರ್ಡ್ ಯೋಜನೆ 2015ರಲ್ಲಿ ಶುರುವಾಗಿದ್ದು ಹೊಲಗದ್ದೆಗೆ ಎಷ್ಟು ಗೊಬ್ಬರ ಹಾಕಬೇಕು ಅಂತ ಹೇಳುವುದಕ್ಕೆ. ಅದರಲ್ಲಿ 12 ಅಂಶ ನೋಡುತ್ತಾರೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಐದು ಲಘು ಪೋಷಕಾಂಶ, ಪಿಎಚ್, ಲವಣಾಂಶ, ಸಾವಯವ ಇಂಗಾಲ. ಇಂಗಾಲ 0.75 ದಾಟಿದರೆ "ಹೆಚ್ಚು" ಅಂತ ಬರುತ್ತದೆ. ಆ ಅಳತೆ ಉಳುವ ಹೊಲಕ್ಕೆ ಸರಿ. ಮಲೆನಾಡಿನಲ್ಲಿ ಮರದಡಿಯ ಮಣ್ಣು ಸಾಮಾನ್ಯವಾಗಿ ಅದನ್ನು ಸುಲಭವಾಗಿ ದಾಟುತ್ತದೆ. ನಿಮ್ಮ 1.6 ಜಾಸ್ತಿಯೋ ಕಡಿಮೆಯೋ ಅಂತ ಗೊತ್ತಾಗಬೇಕಾದರೆ ಪಕ್ಕದ ಕಾನಿನಲ್ಲಿ ಎಷ್ಟಿದೆ, ಕಡಿಯದ ಅರ್ಧ ಎಕರೆಯಲ್ಲಿ ಎಷ್ಟಿದೆ ಅಂತ ನೋಡಬೇಕು. ಆ ಎರಡು ಜಾಗ ನಿಮ್ಮ ಹತ್ತಿರ ಇರುವುದು ದೊಡ್ಡ ಅನುಕೂಲ. ದಯವಿಟ್ಟು ಆ ಅರ್ಧ ಎಕರೆಯನ್ನು ಕೆಲವು ವರ್ಷ ಮುಟ್ಟಬೇಡಿ.

ಎರಡನೆಯದು, ಕಟಾವಿನಿಂದ ಮೊದಲು ಪೆಟ್ಟು ತಿನ್ನುವುದು ಕಾರ್ಡಿನಲ್ಲಿ ಇಲ್ಲದ ವಿಷಯಗಳೇ. ಮಣ್ಣು ಬಿಗಿಯಾಗುತ್ತದೆ, ಮೇಲಿನ ದರಗು (ಉದುರಿದ ಒಣ ಎಲೆ) ಹೊದಿಕೆ ಹೋಗುತ್ತದೆ, ನೀರು ಇಂಗುವುದು ಕಡಿಮೆಯಾಗಿ ಹರಿಯುವುದು ಜಾಸ್ತಿಯಾಗುತ್ತದೆ. ಪೋಷಕಾಂಶದ ಕುಸಿತ ನಿಧಾನ, ಕಾಗದದ ಮೇಲೆ ಕಾಣಲು ವರ್ಷಗಳು ಬೇಕು. ಇನ್ನೂ ಒಂದು ವಿಚಿತ್ರ ಇದೆ: ಕಡಿದ ಮೊದಲ ಒಂದೆರಡು ವರ್ಷ ಬೇರು, ಸೊಪ್ಪು ಕೊಳೆತು ಸಾರಜನಕ ಜಾಸ್ತಿಯೇ ಕಾಣಬಹುದು. ಅದನ್ನು ಹೀರಲು ಗಿಡಗಳು ಇರುವುದಿಲ್ಲ, ನೈಟ್ರೇಟ್ ರೂಪದಲ್ಲಿ ಮಳೆ ನೀರಿನ ಜೊತೆ ಇಳಿದು ಹೋಗುತ್ತದೆ, ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಅನ್ನೂ ಎಳೆದುಕೊಂಡು ಹೋಗುತ್ತದೆ, ಮಣ್ಣು ಇನ್ನಷ್ಟು ಹುಳಿಯಾಗುತ್ತದೆ. ಅದರ ಮೇಲೆ ಅಕೇಶಿಯಾ ಗಾಳಿಯ ಸಾರಜನಕ ಹಿಡಿಯುವ ಮರ, ಹಾಗಾಗಿ ಇದು ನಿಮ್ಮಲ್ಲಿ ಗಮನಿಸಬೇಕಾದ್ದೇ. ಆ ಒಂದು ವರ್ಷದ ರಿಪೋರ್ಟ್ ನೋಡಿ "ಮಣ್ಣು ಫಲವತ್ತಾಯಿತು" ಅಂದುಕೊಳ್ಳಬೇಡಿ.

ಈಗ ಅಳೆಯುವ ಮಾತು. ಜಾಗವನ್ನು ನಾಲ್ಕು ಥರ ಮಾಡಿಕೊಳ್ಳಿ: ದಾರಿ, ದಾರಿಯಲ್ಲದ ಕಟಾವು ಜಾಗ, ಕಡಿಯದ ಅರ್ಧ ಎಕರೆ, ಕಾನು. ಪ್ರತಿಯೊಂದರಲ್ಲೂ ಐದಾರು ಕಡೆ ಕಲ್ಲು ಹೂತು ಗುರುತು ಮಾಡಿ, ಫೋನಿನಲ್ಲಿ ಲೊಕೇಶನ್ ಉಳಿಸಿ. ಮರದ ಗೂಟ ಬೇಡ, ಗೆದ್ದಲು ತಿನ್ನುತ್ತದೆ. ಮುಂದೆ ಪ್ರತಿ ಸಲ ಆ ಗುರುತಿನ ಒಂದೆರಡು ಮೀಟರ್ ಒಳಗೇ ಅಳೆಯಬೇಕು. ದಾರಿಯ ಮಣ್ಣನ್ನೂ ಉಳಿದ ಜಾಗದ ಮಣ್ಣನ್ನೂ ಒಂದೇ ಬುಟ್ಟಿಯಲ್ಲಿ ಬೆರೆಸಿ ಲ್ಯಾಬಿಗೆ ಕೊಟ್ಟರೆ ಎರಡರ ವಿಷಯವೂ ಗೊತ್ತಾಗುವುದಿಲ್ಲ.

ಬಿಗಿತ ಅಳೆಯಲು ದುಡ್ಡು ಬೇಡ. ಒಳವ್ಯಾಸ 10 ಸೆಂ.ಮೀ., ಎತ್ತರ 10 ಸೆಂ.ಮೀ. ಇರುವ ಕಬ್ಬಿಣದ ಕೊಳವೆ ತುಂಡು ಮಾಡಿಸಿಕೊಳ್ಳಿ, ಒಂದು ಅಂಚನ್ನು ಚೂಪು ಮಾಡಿಸಿ. ದರಗು ಸರಿಸಿ, ಮೇಲೊಂದು ಹಲಗೆ ಇಟ್ಟು ಕೊಳವೆಯನ್ನು ನಿಧಾನಕ್ಕೆ ಬಡಿದು ಇಳಿಸಿ, ಸುತ್ತಲೂ ಅಗೆದು ಹೊರಗೆ ತೆಗೆದು, ಎರಡೂ ಬದಿ ಚಾಕುವಿನಲ್ಲಿ ಮಟ್ಟ ಮಾಡಿ. ಒಳಗಿನ ಮಣ್ಣು 785 ಘನ ಸೆಂ.ಮೀ. ಅದನ್ನು ಪೂರ್ತಿ ಒಣಗಿಸಿ ತೂಗಿ. ಲ್ಯಾಬಿನಲ್ಲಿ 105 ಡಿಗ್ರಿ ಒಲೆಯಲ್ಲಿ ಒಂದು ದಿನ ಇಡುತ್ತಾರೆ. ಒಣ ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ: 942 ಗ್ರಾಂ ಬಂದರೆ 1.2. ಅದೇ 1150 ಬಂದರೆ 1.46. ಜೇಡಿ ಜಾಸ್ತಿ ಇರುವ ಮಣ್ಣಿನಲ್ಲಿ 1.47ರ ಹತ್ತಿರ ಬಂತೆಂದರೆ ಬೇರು ಇಳಿಯಲು ಕಷ್ಟ. ಮರಳು ಮಣ್ಣಿನಲ್ಲಿ 1.8ರ ತನಕ ಬೇರು ಇಳಿಯುತ್ತದೆ.

ನೀರು ಇಂಗುವುದನ್ನು ನೋಡಲು 15 ಸೆಂ.ಮೀ. ಒಳವ್ಯಾಸದ ಬಳೆ ಸಾಕು. ಮೂರು ಇಂಚು ನೆಲದೊಳಗೆ ಇಳಿಸಿ, 440 ಮಿ.ಲೀ. ನೀರು ಹಾಕಿ. ಅದು 2.5 ಸೆಂ.ಮೀ. ಮಳೆಗೆ ಸಮ. ಅದು ಇಂಗಿದ ಮೇಲೆ ಅಷ್ಟೇ ನೀರು ಇನ್ನೊಮ್ಮೆ ಹಾಕಿ, ಎರಡನೇ ಸಲ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಳ್ಳಿ. ಕಾನಿನ ಹೊತ್ತನ್ನೂ ದಾರಿಯ ಹೊತ್ತನ್ನೂ ಅಕ್ಕಪಕ್ಕ ಬರೆದು ನೋಡಿ, ವ್ಯತ್ಯಾಸ ನಿಮಗೇ ಕಾಣುತ್ತದೆ.

ಉಳಿದದ್ದು ಆಮೇಲೆ ಬರೆಯುತ್ತೇನೆ. ಮಳೆಗೆ ಮುಂಚೆ ಮಾಡಲೇಬೇಕಾದ್ದು ಒಂದೇ: ಆ ನೆಟ್ಟಗಿನ ದಾರಿಗೆ ತಡೆ ಹಾಕಿ, ಇಲ್ಲದಿದ್ದರೆ ಜುಲೈ ಹೊತ್ತಿಗೆ ಅದು ಹಳ್ಳ ಆಗಿರುತ್ತದೆ.


ಹಳೇಕೂಪ್ (ಶಿರಸಿ)

ಅರಣ್ಯ ಇಲಾಖೆಯಲ್ಲಿ ಇದ್ದು ನಿವೃತ್ತಿ ಆದವನು ನಾನು. ತೇಗ, ಅಕೇಶಿಯಾ ಎರಡರ ನೆಡುತೋಪುಗಳಲ್ಲೂ ಕಟಾವು ನೋಡಿದ್ದೇನೆ.

ಮಣ್ಣುಗೆಳೆಯ ಹೇಳಿದ ದಾರಿಯ ಮಾತು ನೂರಕ್ಕೆ ನೂರು ಸರಿ. ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ ಮಣ್ಣಿನ ಏರಿ ಹಾಕಿ, ನೀರು ಪಕ್ಕದ ಸೊಪ್ಪು ಬಿದ್ದ ಜಾಗಕ್ಕೆ ತಿರುಗಬೇಕು. ಇಳಿಜಾರು ಜಾಸ್ತಿ ಇದ್ದಲ್ಲಿ ಏರಿಗಳು ಹತ್ತಿರ ಹತ್ತಿರ ಇರಲಿ. ನಡುವೆ ಟೊಂಗೆ, ರೆಂಬೆಗಳನ್ನು ಅಡ್ಡಡ್ಡ ಹಾಕಿ ತುಳಿದು ನೆಲಕ್ಕೆ ತಾಗಿಸಿ. ಮೇಲೆ ಎತ್ತರಕ್ಕೆ ನಿಂತ ಟೊಂಗೆ ಪ್ರಯೋಜನ ಇಲ್ಲ, ನೀರು ಅಡಿಯಲ್ಲಿ ಹೋಗಿಬಿಡುತ್ತದೆ.

ಇನ್ನೊಂದು, ಸೊಪ್ಪುಸದೆಗೆ ಬೆಂಕಿ ಹಾಕಬೇಡಿ. ನೆಡುವುದಕ್ಕೆ ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಸುಟ್ಟರೆ ಸಾರಜನಕ ಹೊಗೆಯಾಗಿ ಹೋಗುತ್ತದೆ, ಬೂದಿಯಲ್ಲಿ ಉಳಿದ ಪೊಟ್ಯಾಷ್ ಮೊದಲ ಮಳೆಗೇ ತೊಳೆದುಹೋಗುತ್ತದೆ. ಜೊತೆಗೆ ಅಕೇಶಿಯಾ ಬೀಜಕ್ಕೆ ಬೆಂಕಿ ಅಂದರೆ ಎಬ್ಬಿಸಿದ ಹಾಗೆ. ಗಟ್ಟಿ ಸಿಪ್ಪೆ ಒಡೆದು ಮಳೆ ಬಂದ ಕೂಡಲೇ ಜೋಳ ಬಿತ್ತಿದ ಹಾಗೆ ಏಳುತ್ತದೆ. ಅಕೇಶಿಯಾ ಬೇಡ ಅನ್ನುವವರು ಸುಡುವುದು ಅಂದರೆ ಮತ್ತೆ ಅದನ್ನೇ ಬೆಳೆಸುವುದು.

ಬೊಡ್ಡೆ ಕೀಳಿಸಲೂ ಬೇಡಿ. ಜೆಸಿಬಿಯಲ್ಲಿ ಕೀಳಿಸಿದರೆ ಅಡಿಯ ಕೆಂಪು ಮಣ್ಣು ಮೇಲೆ, ಮೇಲಿನ ಕಪ್ಪು ಮಣ್ಣು ಅಡಿಗೆ. ಆ ಕಪ್ಪು ಪದರ ಕಟ್ಟಲು ಎಷ್ಟು ಕಾಲ ಹಿಡಿದಿತ್ತೋ. ಬೊಡ್ಡೆ ಅಲ್ಲೇ ಕೊಳೆಯಲಿ, ಬೇರು ಕೊಳೆತ ಜಾಗದಲ್ಲಿ ನೀರು ಇಳಿಯಲು ದಾರಿ ಆಗುತ್ತದೆ. ಚಿಗುರು ಬಂದರೆ ಕತ್ತಿಯಲ್ಲಿ ಸವರುತ್ತಾ ಇರಿ.

ಇದು ನಿಮ್ಮ ನಾಲ್ಕು ಎಕರೆಯ ಮಾತು ಮಾತ್ರ ಅಲ್ಲ. ಭದ್ರಾವತಿಯ ಕಾಗದ ಕಾರ್ಖಾನೆಗೆ ಅಂತ 1980ರಲ್ಲಿ 40 ವರ್ಷಕ್ಕೆ ಕೊಟ್ಟ ಕಾಡು ಜಾಗದಲ್ಲಿ ಅಕೇಶಿಯಾ, ನೀಲಗಿರಿ ಬೆಳೆಸಿದರು. 2020ರಲ್ಲಿ ಆ ಗುತ್ತಿಗೆಯ ಚರ್ಚೆ ಬಂದಾಗ ಮಲೆನಾಡಿನಲ್ಲಿ ದೊಡ್ಡ ವಿರೋಧ ಎದ್ದಿತು. ಕಾಡು ಯಾರದ್ದು, ಮರ ಯಾವುದು ಅಂತ ಎಲ್ಲ ಮಾತಾಡಿದೆವು, ಆ ಮಾತು ಬೇಕಾದ್ದೇ. ಆದರೆ ಪದೇ ಪದೇ ಕಡಿದು ನೆಡುವ ಯಾವುದೇ ಜಾಗದಲ್ಲಿ ಪ್ರತಿ ಕಟಾವಿಗೆ ಮೊದಲು ಮತ್ತು ನಂತರ ಮಣ್ಣು ಹೇಗಿತ್ತು ಅನ್ನುವ ಲೆಕ್ಕ ಊರಿನವರ ಕೈಗೆ ಸಿಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಮರದ ಘನ ಅಡಿಯನ್ನು ಎಷ್ಟು ಕಟ್ಟುನಿಟ್ಟಾಗಿ ಬರೆಯುತ್ತೇವೋ ಅಷ್ಟೇ ಕಟ್ಟುನಿಟ್ಟಾಗಿ ಮಣ್ಣನ್ನೂ ಬರೆಯಬೇಕು.


ಹೆತ್ತೂರುತೋಟ (ಸಕಲೇಶಪುರ ಕಡೆ)

ಇಷ್ಟೆಲ್ಲ ಬೇಕಾ ಅಂತ ನನ್ನ ಪ್ರಶ್ನೆ. ಬೇಸರ ಮಾಡಿಕೊಳ್ಳಬೇಡಿ. ನಾವು ಕಾಫಿ ತೋಟದಲ್ಲಿ ಸಿಲ್ವರ್ ಓಕ್ ತೆಗೆಸುತ್ತಲೇ ಇರುತ್ತೇವೆ. ಸಲಾಕೆ ಎಷ್ಟು ಇಳಿಯುತ್ತದೆ, ಅಗೆದರೆ ಎರೆಹುಳು ಇದೆಯಾ, ಮಳೆಯಲ್ಲಿ ಕೆಳಗಿನ ಹಳ್ಳದ ನೀರು ಕೆಂಪಾಗಿ ಬರುತ್ತಿದೆಯಾ ಅಂತ ನೋಡಿದರೆ ಮಣ್ಣಿನ ಗುಣ ಗೊತ್ತಾಗುತ್ತದೆ. ಗಿಡ ಚೆನ್ನಾಗಿ ಎದ್ದು ಬಂದರೆ ಮಣ್ಣು ಸರಿ ಇದೆ ಅಂತಲೇ ಅರ್ಥ. ರೈತನಿಗೆ ಕೊಳವೆ, ತಕ್ಕಡಿ, ಡಿಗ್ರಿ ಅಂತ ಹೇಳಿದರೆ ಮೊದಲ ವರ್ಷ ಮಾಡುತ್ತಾನೆ, ಎರಡನೇ ವರ್ಷ ಬಿಟ್ಟುಬಿಡುತ್ತಾನೆ.


ಬೆಟ್ಟದಬುಡ

ಎಲ್ಲರಿಗೂ ಧನ್ಯವಾದ. ಹಳೇಕೂಪ್ ಸರ್, ಬೆಂಕಿಯ ವಿಷಯ ಗೊತ್ತಿರಲಿಲ್ಲ, ಮನೆಯಲ್ಲಿ ಹೇಳಿದ್ದೇನೆ, ಯಾರೂ ಹಚ್ಚುವುದಿಲ್ಲ. ದಾರಿಯ ಏರಿ ಕೆಲಸಕ್ಕೆ ಜನ ಹೇಳಿದ್ದೇನೆ.

ಮೂರು ಅನುಮಾನ. ನಮ್ಮದು ಜಂಬಿಟ್ಟಿಗೆ ಮಣ್ಣು, ಹರಳು ಜಾಸ್ತಿ. ಕೊಳವೆ ಇಳಿಸಿದರೆ ಹರಳಿನ ತೂಕವೂ ಸೇರಿ ಸಾಂದ್ರತೆ ಜಾಸ್ತಿ ತೋರಿಸುವುದಿಲ್ಲವಾ? ಎರಡು, ಅಕ್ಕಪಕ್ಕದವರು ಟೊಂಗೆಗಳನ್ನು ಸೌದೆಗೆ ಕೇಳುತ್ತಿದ್ದಾರೆ. ಬಚ್ಚಲ ಒಲೆಗೆ ಎಲ್ಲರಿಗೂ ಬೇಕು, ಇಲ್ಲ ಅನ್ನುವುದು ಕಷ್ಟ. ದರಗನ್ನು ಕೊಟ್ಟಿಗೆಗೆ ನಾವೇ ಒಯ್ಯುತ್ತೇವೆ. ಎಷ್ಟು ಬಿಡಬೇಕು, ಎಷ್ಟು ಕೊಡಬಹುದು? ಮೂರು, ಸಾವಯವ ಇಂಗಾಲವನ್ನು ಎಕರೆಗೆ ಎಷ್ಟು ಟನ್ ಅಂತ ಲೆಕ್ಕ ಹಾಕುವುದು ಹೇಗೆ?


ಮಣ್ಣುಗೆಳೆಯ

ಮೂರೂ ಒಳ್ಳೆ ಪ್ರಶ್ನೆ, ಮೂರನೆಯದರಲ್ಲಿ ತುಂಬಾ ಜನ ಎಡವುತ್ತಾರೆ.

ಹರಳು: ಒಣ ಮಣ್ಣನ್ನು 2 ಮಿ.ಮೀ. ಜರಡಿಯಲ್ಲಿ ಹಿಡಿಯಿರಿ. ಮೇಲೆ ಉಳಿದ ಹರಳನ್ನು ತೂಗಿ. ಆಮೇಲೆ ಅಳತೆ ಗೆರೆ ಇರುವ ಜಾರಿನಲ್ಲಿ ನೀರು ಹಾಕಿ ಹರಳನ್ನು ಮುಳುಗಿಸಿ, ನೀರು ಎಷ್ಟು ಏರಿತೋ ಅದೇ ಹರಳಿನ ಗಾತ್ರ. ಒಟ್ಟು ತೂಕದಿಂದ ಹರಳಿನ ತೂಕ, 785ರಿಂದ ಹರಳಿನ ಗಾತ್ರ ಕಳೆಯಿರಿ. ಉಳಿದ ತೂಕವನ್ನು ಉಳಿದ ಗಾತ್ರದಿಂದ ಭಾಗಿಸಿದರೆ ಸಣ್ಣ ಮಣ್ಣಿನ ಸಾಂದ್ರತೆ ಸಿಗುತ್ತದೆ. ಪುಸ್ತಕದಲ್ಲಿ ಕಲ್ಲಿಗೆ 2.65 ಅಂತ ಹಿಡಿಯಿರಿ ಅಂತಿರುತ್ತದೆ, ಜಂಬಿಟ್ಟಿಗೆ ಹರಳಿನಲ್ಲಿ ಕಬ್ಬಿಣ ಜಾಸ್ತಿ, ಅದಕ್ಕೇ ನೀರಿನಲ್ಲೇ ಅಳೆಯಿರಿ ಅಂದೆ.

ಕೊಳವೆಯೇ ಇಳಿಯದಷ್ಟು ಹರಳು ಇದ್ದರೆ ಬೇರೆ ಉಪಾಯ ಇದೆ. ಸಣ್ಣ ಗುಂಡಿ ತೋಡಿ, ತೆಗೆದ ಮಣ್ಣನ್ನೆಲ್ಲ ಚೀಲಕ್ಕೆ ಹಾಕಿ, ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ ಬಾಯಿ ಮಟ್ಟಕ್ಕೆ ನೀರು ತುಂಬಿ. ಎಷ್ಟು ನೀರು ಹಿಡಿಯಿತೋ ಅಷ್ಟೇ ಗಾತ್ರ.

ಇಂಗಾಲ: ಶೇಕಡ ಇಂಗಾಲ, ಸಾಂದ್ರತೆ, ಆಳ ಸೆಂ.ಮೀ.ನಲ್ಲಿ, ಈ ಮೂರನ್ನೂ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಟನ್ ಅಂತ ಬರುತ್ತದೆ, ಹರಳಿನ ಪಾಲು ಕಳೆಯಬೇಕು ಅನ್ನುವುದನ್ನು ಮರೆಯಬೇಡಿ. ಹರಳು ಇಲ್ಲ ಅಂತಲೇ ಇಟ್ಟುಕೊಳ್ಳೋಣ. ಕಡಿಯುವ ಮೊದಲು ಇಂಗಾಲ 1.5, ಸಾಂದ್ರತೆ 1.2, ಆಳ 15. ಗುಣಿಸಿದರೆ 27 ಟನ್. ಟ್ರ್ಯಾಕ್ಟರ್ ಓಡಾಡಿ ಸಾಂದ್ರತೆ 1.4 ಆಯಿತು. ಇಂಗಾಲ ಶೇಕಡ ಹಾಗೇ ಇದೆ. ಈಗ ಲೆಕ್ಕ 31.5 ಟನ್! ನಾಲ್ಕೂವರೆ ಟನ್ ಎಲ್ಲಿಂದ ಬಂತು? ಎಲ್ಲಿಂದಲೂ ಬಂದಿಲ್ಲ. ಮಣ್ಣು ಕುಗ್ಗಿದ್ದರಿಂದ ಅದೇ 15 ಸೆಂ.ಮೀ.ನಲ್ಲಿ ಜಾಸ್ತಿ ಮಣ್ಣು ಸಿಕ್ಕಿತು, ಮೊದಲು ಅದರ ಅಡಿಯಲ್ಲಿದ್ದದ್ದು ಮೇಲಕ್ಕೆ ಸೇರಿತು, ಅಷ್ಟೇ. ಕೆಡಿಸಿದ ಮಣ್ಣು ಸುಧಾರಿಸಿದ ಹಾಗೆ ಕಾಣುವ ಲೆಕ್ಕ ಇದು. ಅದಕ್ಕೆ ಆಳವನ್ನು ಹೋಲಿಸಬಾರದು, ಮಣ್ಣಿನ ತೂಕವನ್ನು ಹೋಲಿಸಬೇಕು. ಮೊದಲು 15 ಸೆಂ.ಮೀ.ನಲ್ಲಿದ್ದ ತೂಕ ಈಗ ಸುಮಾರು 13 ಸೆಂ.ಮೀ.ನಲ್ಲೇ ಸಿಗುತ್ತದೆ, ಅಲ್ಲಿಯವರೆಗೆ ಮಾತ್ರ ಲೆಕ್ಕ ಹಾಕಿ. ಕಾಡಿನ ಇಂಗಾಲದ ಬಗ್ಗೆ ದೊಡ್ಡ ದೊಡ್ಡ ಮಾತು ಬರುವ ಈ ಕಾಲದಲ್ಲಿ ಇದನ್ನು ಎಲ್ಲರೂ ತಿಳಿದಿರಬೇಕು ಅನ್ನಿಸುತ್ತದೆ.

ಸೌದೆ: ದಪ್ಪ ಟೊಂಗೆ ಕೊಡಿ, ಎಲೆ ಮತ್ತು ಸಣ್ಣ ರೆಂಬೆ ಬಿಡಿ. ತೂಕದ ಲೆಕ್ಕದಲ್ಲಿ ಕಾಂಡದಲ್ಲಿ ಪೋಷಕಾಂಶ ಕಡಿಮೆ. ಎಲೆ, ಎಳೆ ರೆಂಬೆ, ತೊಗಟೆಯಲ್ಲಿ ಜಾಸ್ತಿ. ತೊಗಟೆಯಲ್ಲಿ ಕ್ಯಾಲ್ಸಿಯಂ ತುಂಬಾ ಇರುತ್ತದೆ, ಪಿಎಚ್ 5.2 ಇರುವ ನಿಮ್ಮ ಮಣ್ಣಿಗೆ ಅದು ಬೇಕೇ ಬೇಕು. ಕೊಟ್ಟಿಗೆಗೆ ದರಗನ್ನು ಒಂದೆರಡು ವರ್ಷ ಈ ಜಾಗದಿಂದ ಒಯ್ಯದಿದ್ದರೆ ಒಳ್ಳೆಯದು. ಸೊಪ್ಪಿನಬೆಟ್ಟ ಬೇರೆ ಇದ್ದರೆ ಅಲ್ಲಿಂದ ತನ್ನಿ.

ಹೆತ್ತೂರುತೋಟ ಅವರೇ, ಸಲಾಕೆ, ಎರೆಹುಳು, ಹಳ್ಳದ ನೀರು ಮೂರೂ ಸರಿಯಾದ ಗುರುತುಗಳೇ. ನಾನು ಅದಕ್ಕೆ ವಿರೋಧ ಅಲ್ಲ. ಬರೆದಿಡಿ ಅಂತ ಮಾತ್ರ ಹೇಳುವುದು. ಒಂದು ಅಡಿ ಉದ್ದ, ಅಗಲ, ಆಳದ ಗುಂಡಿಯ ಮಣ್ಣನ್ನು ಗೋಣಿಯ ಮೇಲೆ ಹರಡಿ ಎರೆಹುಳು ಎಣಿಸಿ ದಿನಾಂಕ ಹಾಕಿದರೆ ಅದು ದಾಖಲೆ. "ಹೋದ ವರ್ಷ ಜಾಸ್ತಿ ಇತ್ತು" ಅನ್ನುವುದು ನೆನಪು. ಮಳೆಗಾಲದ ಎಣಿಕೆಯನ್ನು ಬೇಸಿಗೆಯ ಎಣಿಕೆ ಜೊತೆ ಹೋಲಿಸಬಾರದು, ಪ್ರತಿ ವರ್ಷ ಅದೇ ತಿಂಗಳು ಎಣಿಸಬೇಕು.


ಪಡುವಣಕಾಡು (ಬ್ರಿಟಿಷ್ ಕೊಲಂಬಿಯಾ, ಕೆನಡಾ)

ಊರು ಸಾಗರದ ಹತ್ತಿರ, ಈಗ ಇಲ್ಲಿ ಕಾಡಿನ ಕೆಲಸದಲ್ಲಿದ್ದೇನೆ. "ಗಿಡ ಚೆನ್ನಾಗಿ ಬಂದರೆ ಮಣ್ಣು ಸರಿ" ಅನ್ನುವ ಮಾತಿಗೆ ಉತ್ತರ ಕೊಡಬೇಕು ಅನ್ನಿಸಿತು.

ಅಮೆರಿಕದ ಅರಣ್ಯ ಇಲಾಖೆ 1989ರಲ್ಲಿ ಒಂದು ದೊಡ್ಡ ಪ್ರಯೋಗ ಶುರು ಮಾಡಿತು, ಇಲ್ಲಿನವರೂ ಸೇರಿಕೊಂಡರು. ಕಟಾವು ಆದ ಜಾಗದಲ್ಲಿ ಮೂರು ಥರ ಮಾಡಿದರು: ಕಾಂಡ ಮಾತ್ರ ಒಯ್ಯುವುದು, ಟೊಂಗೆ ಸೊಪ್ಪು ಸಮೇತ ಇಡೀ ಮರ ಒಯ್ಯುವುದು, ಅದರ ಜೊತೆ ನೆಲದ ದರಗನ್ನೂ ಕೆರೆದು ಒಯ್ಯುವುದು. ಪ್ರತಿಯೊಂದಕ್ಕೂ ಮೂರು ಮಟ್ಟದ ಬಿಗಿತ: ಏನೂ ಇಲ್ಲ, ಮಧ್ಯಮ, ತೀರಾ ಜಾಸ್ತಿ. ಹತ್ತು ವರ್ಷದ ಫಲಿತಾಂಶ 2005ರಲ್ಲಿ ಬಂತು. ದರಗು ಪೂರ್ತಿ ಕೆರೆದ ಕಡೆ ಮೇಲಿನ 20 ಸೆಂ.ಮೀ.ನಲ್ಲಿ ಇಂಗಾಲ ಕಡಿಮೆ ಆಗಿತ್ತು, ಗಿಡಕ್ಕೆ ಸಿಗುವ ಪೋಷಕಾಂಶವೂ ಕಡಿಮೆ ಆಗಿತ್ತು. ಆದರೆ ಹೊಸ ಮರಗಳ ಬೆಳವಣಿಗೆಯಲ್ಲಿ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮಣ್ಣು ಕುಗ್ಗುತ್ತಿದ್ದರೂ ಮರ ಹತ್ತು ವರ್ಷ ಅದನ್ನು ತೋರಿಸದೆ ಇರಬಹುದು. ಮರ ತೋರಿಸುವ ತನಕ ಕಾದರೆ ತಡ ಆಗಿರುತ್ತದೆ.

ಬಿಗಿತದ ವಿಷಯದಲ್ಲಿ ಮಣ್ಣಿನ ಜಾತಿ ಮೇಲೆ ಎಲ್ಲ ನಿಂತಿತ್ತು. ಜೇಡಿ ಮಣ್ಣಿನಲ್ಲಿ ಬೆಳವಣಿಗೆ ಕುಸಿಯಿತು, ಮರಳು ಮಣ್ಣಿನಲ್ಲಿ ನೀರು ಹಿಡಿಯುವ ಗುಣ ಜಾಸ್ತಿಯಾಗಿ ಸುಧಾರಿಸಿದ್ದೂ ಉಂಟು. ಹಾಗಾಗಿ ಬೇರೆಯವರ ಫಲಿತಾಂಶವನ್ನು ಹಾಗೇ ತೆಗೆದುಕೊಳ್ಳಬೇಡಿ, ನಿಮ್ಮ ಜಾಗದಲ್ಲೇ ಅಳೆಯಿರಿ.

ಉಷ್ಣ ಪ್ರದೇಶದಲ್ಲೂ ಇಂಥದ್ದೇ ಪ್ರಯೋಗ ಆಗಿದೆ. 1995ರಲ್ಲಿ ಶುರುವಾದ ಒಂದು ಅಂತರರಾಷ್ಟ್ರೀಯ ಜಾಲದಲ್ಲಿ ಕೇರಳದ ನೀಲಗಿರಿ ತೋಪುಗಳೂ ಇದ್ದವು. ಅದೇ ಜಾಲದಲ್ಲಿ ಕಾಂಗೋದ ಪಾಯಿಂಟ್ ನುವಾರ್ ಹತ್ತಿರದ ಬಡ ಮರಳು ಮಣ್ಣಿನಲ್ಲಿ ಸೊಪ್ಪುಸದೆ ಪೂರ್ತಿ ತೆಗೆದ ಕಡೆ ಮುಂದಿನ ಬೆಳೆ ಚೆನ್ನಾಗಿಯೇ ಹೊಡೆತ ತಿಂದಿತು.

ಇಲ್ಲಿ ಒಂದು ನಿಯಮ ಇದೆ, ನಿಮಗೂ ಉಪಯೋಗ ಆಗಬಹುದು. ಮತ್ತೆ ಕಾಡು ಬೆಳೆಸಬೇಕಾದ ಜಾಗದಲ್ಲಿ ಮಣ್ಣು ಕೆದಕಿ ಕೆಟ್ಟ ಪಾಲು 10 ಶೇಕಡ ದಾಟಬಾರದು, ಸೂಕ್ಷ್ಮ ಮಣ್ಣಾದರೆ 5 ಶೇಕಡ. ಅಂದಾಜು ಮಾಡುವ ಸರಳ ರೀತಿ ಹೀಗೆ: ಜಾಗದಲ್ಲಿ ಅಡ್ಡಡ್ಡ ಹಗ್ಗ ಎಳೆದು, ಪ್ರತಿ ಎರಡು ಮೀಟರಿಗೆ ನಿಂತು ಕಾಲಡಿ ಏನಿದೆ ಅಂತ ಬರೆಯುತ್ತಾ ಹೋಗಿ: ದರಗು ಇದೆ, ಬರೀ ಮಣ್ಣು, ಚಕ್ರದ ಗುರುತು, ಅಡಿಮಣ್ಣು ಮೇಲೆ ಬಂದಿದೆ. ನೂರು ಬಿಂದುವಿನಲ್ಲಿ ಹದಿನೈದು ಕಡೆ ಚಕ್ರದ ಗುರುತು ಸಿಕ್ಕರೆ 15 ಶೇಕಡ. ನಾಲ್ಕು ಎಕರೆಗೆ ಒಂದು ಬೆಳಗಿನ ಕೆಲಸ. ಮುಂದಿನ ಸಲ ಕಂಟ್ರಾಕ್ಟರ್ ಜೊತೆ ಮಾತಾಡುವಾಗ ಈ ಸಂಖ್ಯೆ ಕೈಯಲ್ಲಿದ್ದರೆ ಕರಾರಿನಲ್ಲೇ ಬರೆಸಬಹುದು: ದಾರಿ ಎಲ್ಲಿ, ಎಷ್ಟು, ಮಣ್ಣು ಹಸಿ ಇದ್ದರೆ ಗಾಡಿ ನಿಲ್ಲಬೇಕು ಅಂತ. ಬಿಗಿತದ ಬಹುಪಾಲು ಗಾಡಿಯ ಮೊದಲ ಕೆಲವು ಓಡಾಟದಲ್ಲೇ ಆಗಿಬಿಡುತ್ತದೆ. ಹಾಗಾಗಿ ಇಡೀ ಜಾಗದಲ್ಲಿ ಅಲ್ಲಿ ಇಲ್ಲಿ ಓಡಿಸುವುದಕ್ಕಿಂತ ಒಂದೇ ದಾರಿಯನ್ನು ಮತ್ತೆ ಮತ್ತೆ ಬಳಸಿದರೆ ನಷ್ಟ ಕಡಿಮೆ.


ಹೆತ್ತೂರುತೋಟ

ಹತ್ತು ವರ್ಷ ಮರ ತೋರಿಸದೆ ಇರಬಹುದು ಅನ್ನುವುದು ಯೋಚನೆ ಮಾಡಬೇಕಾದ ಮಾತು. ಒಪ್ಪಿದೆ. ಆದರೂ ಕೇಳುತ್ತೇನೆ, ಕಡಿಮೆ ಕೆಲಸದಲ್ಲಿ ಒಂದೇ ಒಂದು ಅಳೆಯಬೇಕು ಅಂದರೆ ಯಾವುದು?


ಮಣ್ಣುಗೆಳೆಯ

ಮಲೆನಾಡಿನ ಇಳಿಜಾರಿಗೆ ಆದರೆ ಮಣ್ಣು ಕೊಚ್ಚಿ ಹೋಗುವುದನ್ನು ಅಳೆಯಿರಿ. ಉಳಿದದ್ದೆಲ್ಲ ಸರಿ ಮಾಡಬಹುದು, ಹೋದ ಮಣ್ಣು ವಾಪಸ್ ಬರುವುದಿಲ್ಲ.

ಅರ್ಧ ಮೀಟರ್ ಉದ್ದದ ಕಬ್ಬಿಣದ ಸರಳುಗಳನ್ನು ಇಳಿಜಾರಿನಲ್ಲಿ ಸಾಲಾಗಿ ಹೊಡೆಯಿರಿ, ನೆಲದ ಮೇಲೆ 10 ಸೆಂ.ಮೀ. ಕಾಣುವ ಹಾಗೆ. ಮಳೆಗಾಲ ಮುಗಿದ ಮೇಲೆ ಎಷ್ಟು ಕಾಣುತ್ತದೆ ಅಂತ ಸ್ಕೇಲ್ ಇಟ್ಟು ನೋಡಿ. ಒಂದೊಂದು ಸರಳು ಸುಳ್ಳು ಹೇಳಬಹುದು, ಸೊಪ್ಪು ಸಿಕ್ಕಿಕೊಂಡು ಅಲ್ಲಿ ಮಣ್ಣು ಕೂರಬಹುದು, ಅದಕ್ಕೇ ಇಪ್ಪತ್ತು ಮೂವತ್ತು ಬೇಕು, ಸರಾಸರಿ ನೋಡಬೇಕು. ಸರಾಸರಿ 1 ಮಿ.ಮೀ. ತಗ್ಗಿದ್ದರೆ ಎಕರೆಗೆ 4 ಘನ ಮೀಟರ್, ತೂಕದಲ್ಲಿ ಸುಮಾರು 5 ಟನ್ ಮೇಲ್ಮಣ್ಣು ಹೋಗಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ನಾವು ಒಂದು ಚೀಲ ಗೊಬ್ಬರ ಹೊರುವುದಕ್ಕೆ ಎಷ್ಟು ಯೋಚಿಸುತ್ತೇವೆ, ಅಲ್ವಾ?

ಬೆಟ್ಟದಬುಡ ಅವರಿಗೆ, ಹೊತ್ತಿನ ಲೆಕ್ಕ. ಸರಳು, ದರಗು ಹೊದಿಕೆ ಎಷ್ಟಿದೆ ಅನ್ನುವುದು, ನೀರು ಇಂಗುವ ಹೊತ್ತು, ಎರೆಹುಳು, ಇವು ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್ ಕೊನೆಗೆ ಅಥವಾ ನವೆಂಬರಿನಲ್ಲಿ. ಆಗ ಮಣ್ಣು ಹದವಾಗಿರುತ್ತದೆ. ಸಾಂದ್ರತೆ ಈಗ ಒಮ್ಮೆ, ಆಮೇಲೆ ಮೂರು ನಾಲ್ಕು ವರ್ಷಕ್ಕೊಮ್ಮೆ ಸಾಕು, ಅದು ಬೇಗ ಬದಲಾಗುವುದಿಲ್ಲ. ಬಿಗಿಯಾದ ದಾರಿ ತಾನಾಗಿ ಸಡಿಲ ಆಗಲು ದಶಕಗಳೇ ಬೇಕಾಗಬಹುದು. ಪಿಎಚ್, ಇಂಗಾಲ, ಪೋಷಕಾಂಶದ ಲ್ಯಾಬ್ ಪರೀಕ್ಷೆ ಈಗ, ಎರಡನೇ ವರ್ಷ, ಆಮೇಲೆ ಐದು, ಹತ್ತು. ಪ್ರತಿ ಸಲ ಅದೇ ಲ್ಯಾಬ್ ಆದರೆ ಒಳ್ಳೆಯದು. ಇಂಗಾಲ ಅಳೆಯುವ ವಿಧಾನಗಳು ಬೇರೆ ಬೇರೆ, ಸಾಮಾನ್ಯವಾಗಿ ಬಳಸುವ ವಾಕ್ಲಿ ಬ್ಲ್ಯಾಕ್ ವಿಧಾನ ಇರುವ ಇಂಗಾಲದ ಮುಕ್ಕಾಲು ಭಾಗವನ್ನಷ್ಟೇ ಹಿಡಿಯುತ್ತದೆ, ಲ್ಯಾಬಿನವರು ಅದಕ್ಕೆ ಸರಿಪಡಿಸಿದ ಅಂಕಿ ಕೊಡುತ್ತಾರೋ ಇಲ್ಲವೋ ಅಂತ ಕೇಳಿಕೊಳ್ಳಿ. ವಿಧಾನ ಬದಲಾದರೆ ಹಳೇ ಅಂಕಿಗೂ ಹೊಸದಕ್ಕೂ ಹೋಲಿಕೆ ಇಲ್ಲ. ಸಾಧ್ಯ ಆದರೆ ಪ್ರತಿ ಮಾದರಿಯ ಅರ್ಧ ಕೆ.ಜಿ. ಒಣಗಿಸಿ, ಡಬ್ಬಿಯಲ್ಲಿ ಹಾಕಿ, ಹೆಸರು ದಿನಾಂಕ ಬರೆದು ಅಟ್ಟದ ಮೇಲೆ ಇಡಿ. ಹತ್ತು ವರ್ಷದ ನಂತರ ಹಳೇದು ಹೊಸದು ಎರಡನ್ನೂ ಒಂದೇ ದಿನ ಒಂದೇ ಲ್ಯಾಬಿನಲ್ಲಿ ಮಾಡಿಸಬಹುದು.

ಮಾದರಿ ತೆಗೆಯುವಾಗ ದರಗನ್ನು ಸರಿಸಿ ತೆಗೆಯಿರಿ. 0ರಿಂದ 10, 10ರಿಂದ 30 ಸೆಂ.ಮೀ. ಬೇರೆ ಬೇರೆ ಚೀಲ. ಕಾಡಿನ ಮಣ್ಣಿನಲ್ಲಿ ಮೇಲಿನ ನಾಲ್ಕು ಬೆರಳಿನಲ್ಲೇ ಜಾಸ್ತಿ ಬದಲಾವಣೆ ಆಗುವುದು, ಆಳದ ಮಣ್ಣು ಬೆರೆಸಿದರೆ ಅದು ಮುಚ್ಚಿಹೋಗುತ್ತದೆ.


ಹಳೇಕೂಪ್

ಒಂದು ಮಾತು ಸೇರಿಸುತ್ತೇನೆ. ದಾರಿಯಲ್ಲಿ ಈ ವರ್ಷ ಮರದ ಗಿಡ ಹಾಕಬೇಡಿ, ಬೇರು ಹೋಗುವುದಿಲ್ಲ, ಸೊರಗುತ್ತದೆ. ಅಲ್ಲಿ ಮೊದಲು ಹುಲ್ಲು, ಹುರುಳಿ ಏನಾದರೂ ಎರಚಿ ನೆಲ ಮುಚ್ಚಲಿ. ಸಡಿಲ ಮಾಡಿಸುವುದಿದ್ದರೆ ಮಣ್ಣು ಚೆನ್ನಾಗಿ ಒಣಗಿದಾಗ, ಇಳಿಜಾರಿಗೆ ಅಡ್ಡಲಾಗಿ ಮಾತ್ರ. ಹಸಿ ಇದ್ದಾಗ ಮತ್ತೆ ಯಂತ್ರ ತಂದರೆ ಇದ್ದದ್ದೂ ಹೋಗುತ್ತದೆ.


ಬೆಟ್ಟದಬುಡ

ತುಂಬಾ ಉಪಕಾರ ಆಯಿತು. ಕೊಳವೆಗೆ ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿದ್ದೇನೆ. ಸರಳಿಗೆ ಮನೆ ಕಟ್ಟುವಾಗ ಉಳಿದ 8 ಎಂ.ಎಂ. ಕಬ್ಬಿಣ ಇದೆ, ಅದನ್ನೇ ಕತ್ತರಿಸುತ್ತೇವೆ. ನಾಲ್ಕು ಜಾಗದ ಸಾಂದ್ರತೆ ಮತ್ತು ನೀರು ಇಂಗುವ ಹೊತ್ತನ್ನು ಮಳೆ ಹಿಡಿಯುವ ಮೊದಲೇ ಅಳೆದು ಇಲ್ಲೇ ಹಾಕುತ್ತೇನೆ. ಮಣ್ಣುಗೆಳೆಯ ಸರ್, ಒಂದು ಸಣ್ಣ ಪ್ರಶ್ನೆ: ದಾರಿ ತೀರಾ ಒಣಗಿ ಕಲ್ಲಿನ ಹಾಗಾಗಿದೆ, ಕೊಳವೆ ಇಳಿಸಲು ಮೊದಲೇ ನೀರು ಹಾಕಬಹುದಾ?


ಮಣ್ಣುಗೆಳೆಯ

ಹಾಕಬಹುದು. ಹಿಂದಿನ ಸಂಜೆ ನಿಧಾನಕ್ಕೆ ನೀರು ಬಿಟ್ಟು, ಗೋಣಿ ಮುಚ್ಚಿ ರಾತ್ರಿ ಬಿಡಿ, ಬೆಳಿಗ್ಗೆ ಅಳೆಯಿರಿ. ಆದರೆ ಉಳಿದ ಮೂರೂ ಜಾಗಗಳಲ್ಲೂ ಹಾಗೇ ಮಾಡಿ, ಇಲ್ಲದಿದ್ದರೆ ಹೋಲಿಕೆ ಸರಿ ಬರುವುದಿಲ್ಲ. ನೀರು ಇಂಗುವ ಪರೀಕ್ಷೆಯನ್ನು ನೀರು ಹಾಕಿದ ಅದೇ ಜಾಗದಲ್ಲಿ ಮಾಡಬೇಡಿ, ಒಂದು ಮೀಟರ್ ಆಚೆ ಮಾಡಿ.